ಒಂದೇ 62 ಗ್ರಾಂ, ಎರಡು ಬೇರೆ ಮದ್ದು: ಭಾರವಾದ ಪಿಯಾನೊ ಕೀ ಹಗುರ ಮಾಡುವ ದಾರಿಗಳ ಹೋಲಿಕೆ

ಒಂದು ಮಳೆಗಾಲದಲ್ಲಿ ಮಂಗಳೂರಿನ ಮನೆಯೊಂದಕ್ಕೆ ಹೋಗಿದ್ದೆ. ಹಾಲ್‌ನಲ್ಲಿ ಹಳೆಯ ಗ್ರ್ಯಾಂಡ್ ಪಿಯಾನೊ. ಮನೆಯ ಹಿರಿಯರು ಒಂದು ಕೀ ಒತ್ತಿ ತೋರಿಸಿ, "ಇದೆಂಥ ಮಾರಾಯ್ರೇ, ಪಿಯಾನೊನಾ ಕಡೆಯುವ ಕಲ್ಲಾ? ಮೊಮ್ಮಗಳು ಕೈ ನೋಯ್ತದೆ ಅಂತಾಳೆ" ಎಂದರು. ನಡುವಿನ ಸಿ ಕೀಯ ಮೇಲೆ ತೂಕದ ಬಟ್ಟು ಒಂದೊಂದೇ ಇಟ್ಟೆ. 62 ಗ್ರಾಂ ಆದ ಮೇಲೆ ಕೀ ಇಳಿಯಿತು.

ಅದಾಗಿ ಕೆಲವು ತಿಂಗಳಿಗೆ ಬೆಂಗಳೂರಿನಲ್ಲಿ ಪಿಯಾನೊ ಕಲಿಸುವ ಮೇಡಂ ಒಬ್ಬರು ಕರೆದರು. ಅವರದು ರಿಪೇರಿಯಾಗಿ ಹೊಸ ಹ್ಯಾಮರ್ (ತಂತಿಗೆ ಹೊಡೆಯುವ ಪುಟ್ಟ ಸುತ್ತಿಗೆ) ಹಾಕಿಸಿಕೊಂಡು ಬಂದ ಗ್ರ್ಯಾಂಡ್. ಅದೇ ಸಿ ಕೀ ಅಳೆದೆ. ಅಲ್ಲೂ 62 ಗ್ರಾಂ.

ಎರಡೂ ಮನೆಯವರು ಕೇಳಿದ್ದು ಒಂದೇ ಮಾತು: "ಸ್ವಲ್ಪ ಸೀಸ ಹಾಕಿ ಹಗುರ ಮಾಡಿಕೊಡಬಹುದಾ?" ಕೀಯ ಮುಂಭಾಗದಲ್ಲಿ ಸೀಸ ಕೂರಿಸಿದರೆ ಆ ತೂಕವೇ ಕೀ ಇಳಿಯಲು ನೆರವಾಗುತ್ತದೆ. ಮಂಗಳೂರಿನ ಪಿಯಾನೊಗೆ ಸೀಸ ಹಾಕಿದ್ದರೆ ಕೀ ಒತ್ತಿದ ಮೇಲೆ ವಾಪಸ್ ಏಳಲು ಆಲಸ್ಯ ಮಾಡುತ್ತಿತ್ತು. ಬೆಂಗಳೂರಿನದಕ್ಕೆ ಸೀಸ ಮಾತ್ರ ಹಾಕಿ ಬಿಟ್ಟಿದ್ದರೆ ಅಳತೆ ಚೆನ್ನಾಗಿ ಬರುತ್ತಿತ್ತು, ಮೇಡಂ ಕೈನೋವು ಹಾಗೇ ಉಳಿಯುತ್ತಿತ್ತು. ಭಾರ ಎಲ್ಲಿಂದ ಬರುತ್ತಿದೆ ಎಂದು ಗೊತ್ತಾಗದೆ ಮದ್ದು ಆರಿಸಬೇಡಿ. ಈ ಮಾತು ಹೇಳಲೆಂದೇ ಇಷ್ಟುದ್ದ ಬರೆಯುತ್ತಿದ್ದೇನೆ. ಯಾಕೆಂದರೆ ತಪ್ಪು ಮದ್ದಿನಿಂದ ಕೆಟ್ಟ ಒಳ್ಳೆಯ ಪಿಯಾನೊಗಳನ್ನು ನೋಡಿ ನನಗೆ ನಿಜವಾಗಿಯೂ ಸಂಕಟವಾಗಿದೆ.

ಮೊದಲು ಎರಡು ಅಳತೆ

ಕೀಯನ್ನು ಏತ ಅಂದುಕೊಳ್ಳಿ. ಒಂದು ತುದಿಯಲ್ಲಿ ನಿಮ್ಮ ಬೆರಳು. ನಡುವೆ ಬ್ಯಾಲೆನ್ಸ್ ರೈಲ್, ಅದರ ಮೇಲೆ ಕೀ ತೂಗುತ್ತದೆ. ಇನ್ನೊಂದು ತುದಿಯಲ್ಲಿ ಕ್ಯಾಪ್‌ಸ್ಟನ್ ಎಂಬ ಸಣ್ಣ ಹಿತ್ತಾಳೆ ಗುಂಡಿ. ಅದು ವಿಪೆನ್ ಎಂಬ ಭಾಗವನ್ನು ಎತ್ತುತ್ತದೆ, ವಿಪೆನ್ ಹ್ಯಾಮರನ್ನು ಎತ್ತುತ್ತದೆ. ಕೀ ಸುಮಾರು 10 ಮಿ.ಮೀ. ಇಳಿಯುವಷ್ಟರಲ್ಲಿ ಹ್ಯಾಮರ್ ಸುಮಾರು 45 ಮಿ.ಮೀ. ಮೇಲೇರಿ ತಂತಿಗೆ ಹೊಡೆಯುತ್ತದೆ. ದೂರ ಹೆಚ್ಚಾದಷ್ಟೂ ತೂಕವೂ ಹೆಚ್ಚಾಗುತ್ತದೆ. ಹ್ಯಾಮರ್ ಒಂದು ಗ್ರಾಂ ಭಾರವಾದರೆ ಬೆರಳಿಗೆ ಐದಾರು ಗ್ರಾಂ ಭಾರ ಗೊತ್ತಾಗುತ್ತದೆ.

ಈಗ ಅಳತೆ. ಬಲಗಡೆಯ ಪೆಡಲ್ ಒತ್ತಿ ಡ್ಯಾಂಪರ್‌ಗಳನ್ನು (ತಂತಿಯ ಮೇಲೆ ಕೂತು ದನಿ ನಿಲ್ಲಿಸುವ ಭಾಗಗಳನ್ನು) ಎತ್ತಿ ಹಿಡಿಯಿರಿ, ಅವುಗಳ ತೂಕ ಲೆಕ್ಕಕ್ಕೆ ಬರಬಾರದು. ಕೀಯ ಮುಂದಿನ ಅಂಚಿನಿಂದ 13 ಮಿ.ಮೀ. ಒಳಗೆ ಬಟ್ಟು ಇಡುತ್ತಾ ಹೋಗಿ. ಕೀ ನಿಧಾನವಾಗಿ ಇಳಿದು, ಕೊನೆಯಲ್ಲಿ ಸ್ವಲ್ಪ ತಡೆ ಸಿಗುವ ಜಾಗದಲ್ಲಿ ನಿಲ್ಲುವ ತೂಕವೇ ಡೌನ್‌ವೇಟ್. ಆಮೇಲೆ ಕೀಯನ್ನು ಆ ತಡೆಯ ತನಕ ಕೈಯಲ್ಲೇ ಇಳಿಸಿ, ಬಟ್ಟು ಕಡಿಮೆ ಮಾಡುತ್ತಾ ಬನ್ನಿ. ಎಷ್ಟು ತೂಕವನ್ನು ಹೊತ್ತುಕೊಂಡು ಕೀ ಮೆಲ್ಲಗೆ ಮೇಲೇಳುತ್ತದೋ ಅದು ಅಪ್‌ವೇಟ್.

ಬಟ್ಟು ಇಲ್ಲದಿದ್ದರೆ ನಾಣ್ಯ ಸಾಕು. ಹಿತ್ತಾಳೆ ಬಣ್ಣದ ಐದು ರೂಪಾಯಿ ನಾಣ್ಯ 6 ಗ್ರಾಂ ತೂಗುತ್ತದೆ, ಅಗಲ 23 ಮಿ.ಮೀ. ಬಿಳಿ ಕೀಯ ಮೇಲೆ ಅಚ್ಚುಕಟ್ಟಾಗಿ ಕೂರುತ್ತದೆ. ಒಂಬತ್ತು ನಾಣ್ಯ ಅಂದರೆ 54 ಗ್ರಾಂ. ಹತ್ತು ರೂಪಾಯಿ ನಾಣ್ಯ ಬೇಡ, 27 ಮಿ.ಮೀ. ಅಗಲ ಇರುವುದರಿಂದ ಪಕ್ಕದ ಕೀಗೆ ತಾಗುತ್ತದೆ. 2019ರಿಂದ ಬಂದ ಹೊಸ ಐದು ರೂಪಾಯಿಯ ಅಳತೆಯೇ ಬೇರೆ, ಹಾಗಾಗಿ ಚಿಕ್ಕ ಡಿಜಿಟಲ್ ತಕ್ಕಡಿಯಲ್ಲಿ ಒಮ್ಮೆ ತೂಗಿ ನೋಡಿಕೊಳ್ಳಿ.

ಎರಡು ಸಂಖ್ಯೆ ಸಿಕ್ಕ ಮೇಲೆ ಲೆಕ್ಕ ಸುಲಭ. ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ ಬ್ಯಾಲೆನ್ಸ್ ವೇಟ್. ಅಂದರೆ ಉಜ್ಜಾಟ ಬಿಟ್ಟು ಬರೀ ತೂಕ. ಒಂದರಿಂದ ಇನ್ನೊಂದನ್ನು ಕಳೆದು ಅರ್ಧ ಮಾಡಿದರೆ ಘರ್ಷಣೆ.

ಮಂಗಳೂರು: ಡೌನ್‌ವೇಟ್ 62, ಅಪ್‌ವೇಟ್ 18. ಬ್ಯಾಲೆನ್ಸ್ ವೇಟ್ 40, ಘರ್ಷಣೆ 22.

ಬೆಂಗಳೂರು: ಡೌನ್‌ವೇಟ್ 62, ಅಪ್‌ವೇಟ್ 38. ಬ್ಯಾಲೆನ್ಸ್ ವೇಟ್ 50, ಘರ್ಷಣೆ 12.

ಗ್ರ್ಯಾಂಡ್ ಪಿಯಾನೊದ ನಡುಭಾಗದಲ್ಲಿ ಡೌನ್‌ವೇಟ್ 50ರ ಆಸುಪಾಸು, ಅಪ್‌ವೇಟ್ 20ಕ್ಕಿಂತ ಜಾಸ್ತಿ, ಬ್ಯಾಲೆನ್ಸ್ ವೇಟ್ 38ರ ಆಸುಪಾಸು, ಘರ್ಷಣೆ 10ರಿಂದ 15 ಇದ್ದರೆ ಹೆಚ್ಚಿನವರ ಕೈಗೆ ಹಿತ. ಇದನ್ನು ಇಟ್ಟುಕೊಂಡು ನೋಡಿದರೆ ಮಂಗಳೂರಿನದು ಕೀಲೆಣ್ಣೆ ಕಾಣದ ಗಾಡಿ. ಬೆಂಗಳೂರಿನದು ಮೂಟೆ ಜಾಸ್ತಿ ಹೇರಿದ ಗಾಡಿ. ಎಳೆಯುವ ಎತ್ತಿಗೆ ಎರಡೂ ಭಾರವೇ. ಆದರೆ ಮೂಟೆ ಜಾಸ್ತಿಯಾದ ಗಾಡಿಗೆ ಎಷ್ಟು ಎಣ್ಣೆ ಬಿಟ್ಟರೂ ಏನು ಪ್ರಯೋಜನ?

ಒಂದೇ ಕೀ ಅಳೆದು ತೀರ್ಮಾನಕ್ಕೆ ಬರಬೇಡಿ. ಎಂಟೂ ಸಿ ಕೀಗಳನ್ನು ಅಳೆಯಿರಿ, ಜೊತೆಗೆ ನಾಲ್ಕಾರು ಕಪ್ಪು ಕೀ. ಕಾಗದದಲ್ಲಿ ಬರೆದಿಡಿ.

ಅಳತೆಗೂ ಸಿಗದ ಎರಡು ಭಾರ

ಕೆಲವು ಪಿಯಾನೊದಲ್ಲಿ ಅಳತೆ ಸರಿಯಿರುತ್ತದೆ, ನುಡಿಸುವವರು ಮಾತ್ರ ಭಾರ ಅನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ.

ಒಂದು ಕಾರಣ ಡ್ಯಾಂಪರ್. ಪೆಡಲ್ ಒತ್ತದೆ ಒಂದು ಸ್ಕೇಲ್ ನುಡಿಸಿ, ಆಮೇಲೆ ಪೆಡಲ್ ಒತ್ತಿಕೊಂಡು ಅದನ್ನೇ ನುಡಿಸಿ. ಎರಡನೆಯ ಸಲ ತುಂಬ ಹಗುರವಾದರೆ ಭಾರ ಡ್ಯಾಂಪರ್‌ನಲ್ಲಿದೆ. ಹ್ಯಾಮರ್ ತಂತಿಯ ಕಡೆಗೆ ಅರ್ಧ ದಾರಿ ಹೋದ ಮೇಲೆ ಡ್ಯಾಂಪರ್ ಏಳಬೇಕು. ಕೀ ಮುಟ್ಟಿದ ಕೂಡಲೇ ಏಳುತ್ತಿದ್ದರೆ ಬೆರಳು ಎರಡು ಕೆಲಸ ಒಟ್ಟಿಗೆ ಮಾಡುತ್ತಿದೆ. ಅದನ್ನು ಸರಿಮಾಡುವುದು ರೆಗ್ಯುಲೇಶನ್ (ಭಾಗಗಳ ಚಲನೆಯನ್ನು ಹೊಂದಿಸುವ) ಕೆಲಸ, ತೂಕದ ಕೆಲಸವೇ ಅಲ್ಲ.

ಇನ್ನೊಂದು ಕಾರಣ ದನಿ. ಹ್ಯಾಮರ್ ಫೆಲ್ಟ್ ತುಂಬ ಮೆತ್ತಗಿದ್ದರೆ ದನಿ ಮಂಕಾಗುತ್ತದೆ. ಬೇಕಾದಷ್ಟು ದನಿ ಬರಲಿಲ್ಲ ಅಂತ ಕೈ ತಾನಾಗಿಯೇ ಇನ್ನಷ್ಟು ಒತ್ತುತ್ತದೆ. ಸಂಜೆಗೆ "ಭಾರ" ಅನ್ನಿಸುತ್ತದೆ. ಅದೇ ಪಿಯಾನೊದ ಹ್ಯಾಮರ್‌ಗೆ ವಾಯ್ಸಿಂಗ್ (ಫೆಲ್ಟ್ ಹದ ಮಾಡುವುದು) ಮಾಡಿ ದನಿ ಬಿಚ್ಚಿಕೊಟ್ಟರೆ, ಒಂದು ಗ್ರಾಂ ಕೂಡ ಬದಲಾಗದಿದ್ದರೂ "ಎಷ್ಟು ಹಗುರ ಆಯ್ತು!" ಅನ್ನುತ್ತಾರೆ. ಡಿಜಿಟಲ್ ಪಿಯಾನೊದಲ್ಲಿ ಟಚ್ ಸೆಟ್ಟಿಂಗ್ ಲೈಟ್‌ಗೆ ಇಟ್ಟಾಗ ಆಗುವುದೂ ಇದೇ. ಕೀಯ ತೂಕ ಅಲ್ಲಿ ಒಂದಿಷ್ಟೂ ಕಡಿಮೆಯಾಗುವುದಿಲ್ಲ, ಕಡಿಮೆ ಒತ್ತಿಗೆ ಜಾಸ್ತಿ ದನಿ ಬರುತ್ತದೆ ಅಷ್ಟೇ.

ಈ ಎರಡೂ ಅಲ್ಲ ಅಂತ ಖಾತ್ರಿಯಾದ ಮೇಲೆ ಮುಂದಿನ ದಾರಿಗಳನ್ನು ನೋಡಿ.

ಘರ್ಷಣೆ ಇಳಿಸುವುದು

ಘರ್ಷಣೆ 15 ದಾಟಿದ್ದರೆ ಬೇರೆ ಯಾವ ದಾರಿಯ ಯೋಚನೆಯೂ ಬೇಡ, ಇದೇ ಮೊದಲು. ಖರ್ಚು ಕಡಿಮೆ. ಪಿಯಾನೊದ ಸ್ವಭಾವ ಬದಲಾಗುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಡೌನ್‌ವೇಟ್ ಇಳಿಯುತ್ತದೆ, ಅಪ್‌ವೇಟ್ ಏರುತ್ತದೆ. ಎರಡು ಕಡೆಯೂ ಲಾಭ ಕೊಡುವ ದಾರಿ ಇದೊಂದೇ.

ಘರ್ಷಣೆ ಅಡಗಿರುವ ಜಾಗಗಳು ಬಹಳ. ಗ್ರ್ಯಾಂಡ್‌ನಲ್ಲಿ ಒಂದೊಂದು ಕೀಗೂ ಹ್ಯಾಮರ್, ವಿಪೆನ್, ಜ್ಯಾಕ್, ರೆಪಿಟಿಶನ್ ಲಿವರ್ ಅಂತ ನಾಲ್ಕು ಕೀಲುಗಳಿವೆ. 88 ಕೀಗೆ 352 ಕೀಲು. ಒಂದೊಂದರಲ್ಲೂ ಸಣ್ಣ ಪಿನ್, ಅದರ ಸುತ್ತ ತೆಳು ಬಟ್ಟೆಯ ಬುಶಿಂಗ್. ಇದಲ್ಲದೆ ಕೀಯೊಳಗೇ ಎರಡು ಪಿನ್‌ಗಳ ಬುಶಿಂಗ್ ಇದೆ. ಕ್ಯಾಪ್‌ಸ್ಟನ್ ತಲೆ ಇದೆ. ಹ್ಯಾಮರ್‌ನ ಶ್ಯಾಂಕ್ ಎಂಬ ಹಿಡಿಕೋಲಿನ ಕೆಳಗೆ ನಕಲ್ ಎಂಬ ಚರ್ಮದ ಉರುಳೆ ಇದೆ.

ನಮ್ಮ ಕರಾವಳಿಯಲ್ಲಿ ಮಳೆ ಶುರುವಾದರೆ ಈ ಬಟ್ಟೆ, ಮರ ಎಲ್ಲವೂ ತೇವ ಕುಡಿದು ಊದಿಕೊಳ್ಳುತ್ತವೆ. ಕಿಟಕಿ ಬಾಗಿಲು ಜೂನ್‌ನಲ್ಲಿ ಹೇಗೆ ಬಿಗಿಯಾಗುತ್ತವೋ ಹಾಗೇ. ಮಂಗಳೂರಿನ ಪಿಯಾನೊಗೆ ಆಗಿದ್ದು ಇದು. ಕೀಗಳನ್ನು ತೆಗೆದು ಬುಶಿಂಗ್‌ಗಳನ್ನು ಇಕ್ಕಳದಲ್ಲಿ ಮೆಲ್ಲಗೆ ಒತ್ತಿ ಸಡಿಲ ಮಾಡಿದೆ. ಕೀ ಪಿನ್‌ಗಳನ್ನು, ಕ್ಯಾಪ್‌ಸ್ಟನ್‌ಗಳನ್ನು ಉಜ್ಜಿ ಹೊಳಪು ಮಾಡಿದೆ. ನಕಲ್‌ಗಳಿಗೆ ಟೆಫ್ಲಾನ್ ಪುಡಿ ಹಚ್ಚಿದೆ. ತೀರಾ ಬಿಗಿಯಿದ್ದ ಹ್ಯಾಮರ್ ಕೀಲುಗಳ ಪಿನ್ ತೆಗೆದು, ಬುಶಿಂಗ್ ಹದ ಮಾಡಿ, ಹೊಸ ಪಿನ್ ಹಾಕಿದೆ. ಶ್ಯಾಂಕ್ ಬಿಚ್ಚಿ ಫ್ಲೇಂಜ್ ಎಂಬ ಕೀಲಿನ ತುಂಡು ಹಿಡಿದು ತೂಗಾಡಲು ಬಿಟ್ಟರೆ ಹ್ಯಾಮರ್ ಆರೇಳು ಸಲ ತೂಗಿ ನಿಲ್ಲಬೇಕು. ಅಲ್ಲಿ ಕೆಲವು ಒಂದೇ ಸಲಕ್ಕೆ ನಿಲ್ಲುತ್ತಿದ್ದವು.

ಮೂರು ದಿನದ ಕೆಲಸ. ಘರ್ಷಣೆ 22ರಿಂದ 13ಕ್ಕೆ ಬಂತು. ಡೌನ್‌ವೇಟ್ 53, ಅಪ್‌ವೇಟ್ 27. ಒಂದು ಚೂರು ಸೀಸ ಹಾಕಲಿಲ್ಲ.

ದಯವಿಟ್ಟು ಒಂದು ಮಾತು ಕೇಳಿ. ಹೊಲಿಗೆ ಮಿಷನ್ ಎಣ್ಣೆ, ಕೊಬ್ಬರಿ ಎಣ್ಣೆ, ಬಾಗಿಲ ಕೀಲಿಗೆ ಹೊಡೆಯುವ ಸ್ಪ್ರೇ, ಇವು ಯಾವುದನ್ನೂ ಆ್ಯಕ್ಷನ್ (ಕೀಯಿಂದ ಹ್ಯಾಮರ್ ತನಕದ ಯಂತ್ರಭಾಗ) ಒಳಗೆ ಬಿಡಬೇಡಿ. ಮೊದಲ ವಾರ ಹಗುರ ಅನ್ನಿಸುತ್ತದೆ. ಆಮೇಲೆ ಬಟ್ಟೆ ಎಣ್ಣೆ ಹೀರಿ, ಧೂಳು ಹಿಡಿದು, ಗೋಂದಿನಂತಾಗುತ್ತದೆ. ಹಾಗೆ ಹಾಳಾದ ಆ್ಯಕ್ಷನ್ ಒಂದನ್ನು ಶುಚಿ ಮಾಡಲು ನಾನು ಎರಡು ವಾರ ಕೂತಿದ್ದೇನೆ, ಆದರೂ ಪೂರ್ತಿ ಸರಿಯಾಗಲಿಲ್ಲ.

ಇನ್ನು ಕೆಲವು ಹಳೆಯ ಪಿಯಾನೊಗಳಲ್ಲಿ ಪಿನ್‌ಗಳ ಸುತ್ತ ಹಸಿರು ಪಾಚಿಯಂಥದ್ದು ಕಾಣುತ್ತದೆ. ಕಾರ್ಖಾನೆಯಲ್ಲಿ ಬುಶಿಂಗ್‌ಗೆ ಹಾಕಿದ್ದ ಮೇಣ, ಲೋಹದ ಪಿನ್ ಜೊತೆ ಸೇರಿ ಹುಟ್ಟಿದ ಕಿಲುಬು ಅದು. ಪಿನ್ ಬದಲಿಸಿದರೂ ಮತ್ತೆ ಬರುತ್ತದೆ, ಮರದೊಳಗೇ ಇಳಿದಿರುತ್ತದೆ. ಅಂಥದ್ದಕ್ಕೆ ಭಾಗಗಳನ್ನೇ ಹೊಸದು ಹಾಕಿಸುವುದು ಒಳ್ಳೆಯದು.

ಘರ್ಷಣೆ ತೀರಾ ಕಡಿಮೆಯೂ ಬೇಡ. ಕೀಲು ಸಡಿಲವಾದರೆ ಹ್ಯಾಮರ್ ಅತ್ತಿತ್ತ ಓಲಾಡಿ ತಂತಿಗೆ ಸರಿಯಾಗಿ ಬೀಳುವುದಿಲ್ಲ, ಟಿಕ್ ಟಿಕ್ ಸದ್ದು ಬರುತ್ತದೆ. ಮೆತ್ತಗೆ ನುಡಿಸುವಾಗ ಬೆರಳಿಗೆ ಸ್ವಲ್ಪ ಹಿಡಿತ ಬೇಕಲ್ವಾ?

ಸೀಸ ಹಾಕುವುದು

ಎಲ್ಲರಿಗೂ ಮೊದಲು ನೆನಪಾಗುವುದು ಇದು. ಕೀಯ ಮುಂಭಾಗದ ಮರದಲ್ಲಿ ತೂತು ಕೊರೆದು ಸೀಸದ ಬಿಲ್ಲೆ ಕೂರಿಸುತ್ತಾರೆ. ಸಾಮಾನ್ಯ ಬಿಲ್ಲೆ ಸುಮಾರು 14 ಗ್ರಾಂ. ಬ್ಯಾಲೆನ್ಸ್ ರೈಲ್‌ನಿಂದ ಮುಂದಿನ ತುದಿಗೆ ಅರ್ಧ ದಾರಿಯಲ್ಲಿ ಕೂರಿಸಿದರೆ ಬೆರಳಿಗೆ 7 ಗ್ರಾಂ ಹಗುರ.

ಆದರೆ ಸೀಸ ಡೌನ್‌ವೇಟ್, ಅಪ್‌ವೇಟ್ ಎರಡನ್ನೂ ಒಟ್ಟಿಗೆ ಇಳಿಸುತ್ತದೆ. ಘರ್ಷಣೆಯನ್ನು ಮುಟ್ಟುವುದೇ ಇಲ್ಲ. ಮಂಗಳೂರಿನ ಕೀಗೆ 10 ಗ್ರಾಂ ಹಗುರ ಮಾಡುವಷ್ಟು ಸೀಸ ಹಾಕಿದ್ದರೆ ಡೌನ್‌ವೇಟ್ 52 ಆಗುತ್ತಿತ್ತು, ಅಪ್‌ವೇಟ್ 8. ಅಂಥ ಕೀ ಒತ್ತಿದರೆ ಇಳಿಯುತ್ತದೆ, ಏಳಲು ಆಲಸ್ಯ ಮಾಡುತ್ತದೆ. ಒಂದೇ ಸ್ವರವನ್ನು ಬೇಗ ಬೇಗ ನುಡಿಸಲು ಆಗುವುದಿಲ್ಲ. ಕೆಲಸ ಕಲಿತ ಹೊಸದರಲ್ಲಿ ನಾನು ಒಂದು ಪಿಯಾನೊಗೆ ಹೀಗೆ ಮಾಡಿದ್ದೆ. ಅಪ್‌ವೇಟ್ ಅಳೆದಿರಲಿಲ್ಲ. ಹಾಕಿದ ಬಿಲ್ಲೆಗಳನ್ನೆಲ್ಲ ತೆಗೆದು ತೂತುಗಳಿಗೆ ಮರದ ಬಿರಡೆ ಬಡಿಯಬೇಕಾಯಿತು. ಆ ಕೀಗಳನ್ನು ನೋಡಿದಾಗ ಈಗಲೂ ಮನಸ್ಸಿಗೆ ಚುಚ್ಚುತ್ತದೆ.

ಸೀಸ ಹಾಕಿದರೆ ವೇಗವಾಗಿ ನುಡಿಸುವಾಗ ಭಾರ ಜಾಸ್ತಿಯಾಗುತ್ತದೆ ಎಂಬ ಮಾತಿದೆ. ಇದರಲ್ಲಿ ಅರ್ಧ ನಿಜ. ಪೂರ್ತಿ ತಿಳಿಯಲು ಬೀಸುಕಲ್ಲು ನೆನಪಿಸಿಕೊಳ್ಳಿ. ಮೆಲ್ಲಗೆ ತಿರುಗಿಸುವುದು ಕಷ್ಟವಲ್ಲ. ನಿಂತದ್ದನ್ನು ಒಮ್ಮೆಲೇ ಜೋರಾಗಿ ತಿರುಗಿಸುವುದು ಕಷ್ಟ. ಅದೇ ಜಡತ್ವ. ಬಟ್ಟು ಇಟ್ಟು ಅಳೆಯುವಾಗ ಕೀ ಮೆಲ್ಲಗೆ ಇಳಿಯುತ್ತದೆ, ಹಾಗಾಗಿ ಆ ಅಳತೆಗೆ ಜಡತ್ವ ಸಿಗುವುದೇ ಇಲ್ಲ.

ಬೆಂಗಳೂರಿನ ಪಿಯಾನೊದಲ್ಲಿ ಇದನ್ನು ಲೆಕ್ಕ ಹಾಕಿ ನೋಡಿದೆ. ನಡುವಿನ ಸಿ ಹ್ಯಾಮರ್ ಶ್ಯಾಂಕ್ ಸಮೇತ 10.5 ಗ್ರಾಂ ತೂಗುತ್ತಿತ್ತು. ಕೀ 6 ಮಿ.ಮೀ. ಇಳಿದರೆ ಹ್ಯಾಮರ್ 37 ಮಿ.ಮೀ. ಏರುತ್ತಿತ್ತು, ಅಂದರೆ ಅನುಪಾತ 6.2. ನಿಂತ ತೂಕಕ್ಕೆ ಹ್ಯಾಮರನ್ನು ಅನುಪಾತದಿಂದ ಒಂದು ಸಲ ಗುಣಿಸಬೇಕು, 65 ಗ್ರಾಂ. ಜಡತ್ವಕ್ಕೆ ಎರಡು ಸಲ ಗುಣಿಸಬೇಕು. 10.5ಕ್ಕೆ 6.2, ಮತ್ತೆ 6.2. ಸುಮಾರು 400 ಗ್ರಾಂ ಆಯಿತು! ಕೀ ಜೋರಾಗಿ ಹೊಡೆದಾಗ ಮೇಡಂ ಬೆರಳು ಸುಮಾರು 400 ಗ್ರಾಂ ತೂಕವನ್ನು ತಳ್ಳಿದ ಹಾಗೆ.

ಇದಕ್ಕೆ ಅರ್ಧ ದಾರಿಯಲ್ಲಿ 24 ಗ್ರಾಂ ಸೀಸ ಹಾಕಿದರೆ ನಿಂತ ತೂಕ 12 ಗ್ರಾಂ ಇಳಿದು ಬ್ಯಾಲೆನ್ಸ್ ವೇಟ್ 38ಕ್ಕೆ ಬರುತ್ತದೆ. ಸಂಖ್ಯೆ ಚೆನ್ನಾಗಿ ಕಾಣುತ್ತದೆ. ಜಡತ್ವಕ್ಕೆ ಸೀಸ ಸೇರಿಸುವುದು ಬರೀ 6 ಗ್ರಾಂ. ಆದರೆ ಆ 400 ಹಾಗೇ ಇದೆ! ಸೀಸವೇ ಕೆಟ್ಟದ್ದು ಅಂತ ಬೈಯುವುದು ಸರಿಯಲ್ಲ. ಅದು ಹ್ಯಾಮರ್‌ನ ಭಾರವನ್ನು ಅಳತೆಯಿಂದ ಮರೆಮಾಡುತ್ತದೆ, ಕೈಯಿಂದ ಮರೆಮಾಡಲಾರದು. ಮೆಲ್ಲಗೆ ನುಡಿಸುವಾಗ ಹಗುರ, ಜೋರಾಗಿ ನುಡಿಸುವಾಗ ಕೈ ಸೋಲುತ್ತದೆ ಎಂಬ ಪಿಯಾನೊಗಳ ಕತೆ ಸಾಮಾನ್ಯವಾಗಿ ಇದೇ.

ಹಾಗಾಗಿ ಸೀಸ ಯಾವಾಗ ಸರಿ? ಘರ್ಷಣೆ ಸರಿಯಿದ್ದು, ಹ್ಯಾಮರ್ ಮತ್ತು ಅನುಪಾತ ಸರಿಯಿದ್ದು, ಕೊನೆಗೆ ಮೂರ್ನಾಲ್ಕು ಗ್ರಾಂ ಉಳಿದರೆ. ಅಥವಾ ಒಂದು ಕೀಗೂ ಪಕ್ಕದ ಕೀಗೂ ಇರುವ ಏರುಪೇರು ಸಮ ಮಾಡಲು. ಬಿಲ್ಲೆಯನ್ನು ಕೀಯ ತುದಿಯಲ್ಲಿ ಕೂರಿಸುವ ಬದಲು ಬ್ಯಾಲೆನ್ಸ್ ರೈಲ್ ಹತ್ತಿರ ಕೂರಿಸಿದರೆ ಸೀಸ ಜಾಸ್ತಿ ಬೇಕು, ಆದರೆ ಜಡತ್ವ ಕಡಿಮೆ. ತೇವದ ಊರಲ್ಲಿ ಇನ್ನೊಂದು ಎಚ್ಚರ. ಸೀಸ ವರ್ಷಗಳು ಕಳೆದಂತೆ ಬಿಳಿ ಪುಡಿಯಾಗಿ ಊದಿಕೊಂಡು ಕೀಯ ಮರವನ್ನೇ ಸೀಳುವುದುಂಟು. ಆ ಪುಡಿ ವಿಷ. ಮಕ್ಕಳ ಕೈಗೆ ಸಿಗಬಾರದು, ಕೆಲಸ ಮಾಡುವವರು ಮಾಸ್ಕ್ ಹಾಕಿ, ಕೈ ಚೆನ್ನಾಗಿ ತೊಳೆದುಕೊಳ್ಳಬೇಕು.

ಹ್ಯಾಮರ್ ಹಗುರ ಮಾಡುವುದು

ಬೆಂಗಳೂರಿನ ಪಿಯಾನೊದ ನಿಜವಾದ ರೋಗ ಇಲ್ಲಿತ್ತು. ಇಪ್ಪತ್ತನೇ ಶತಮಾನದ ಮೊದಲ ಭಾಗದ ಬಹಳ ಪಿಯಾನೊಗಳಿಗೆ ಕಾರ್ಖಾನೆಯಲ್ಲಿ ಕೂರಿಸಿದ್ದು ಹಗುರ ಹ್ಯಾಮರ್. ನಂತರದ ಕಾಲದ ಹ್ಯಾಮರ್‌ಗಳು ದಪ್ಪ, ಭಾರ. ಹಳೆಯ ಆ್ಯಕ್ಷನ್‌ಗೆ ತೂಕ ನೋಡದೆ ಹೊಸ ಹ್ಯಾಮರ್ ಹಾಕಿದರೆ ಪಿಯಾನೊ ರಿಪೇರಿಯಾಗಿ ಬಂದ ದಿನದಿಂದಲೇ ಭಾರ. ನಿಮ್ಮ ಪಿಯಾನೊ "ಮೊದಲು ಚೆನ್ನಾಗಿತ್ತು, ಹ್ಯಾಮರ್ ಬದಲಿಸಿದ ಮೇಲೆ ಭಾರ" ಅಂತಾದರೆ ಅನುಮಾನ ಇಲ್ಲಿಂದಲೇ ಶುರುವಾಗಲಿ.

ಹ್ಯಾಮರ್‌ನ ಎರಡು ಬದಿಯ ಮರ ಮತ್ತು ಫೆಲ್ಟನ್ನು ಓರೆಯಾಗಿ ಕೆತ್ತಿ, ಬಾಲದ ಮರ ಸ್ವಲ್ಪ ತೆಗೆದರೆ ಅರ್ಧದಿಂದ ಒಂದು ಗ್ರಾಂ ತನಕ ಇಳಿಸಬಹುದು. ಕೇಳಲು ಏನೂ ಅಲ್ಲ. ಆದರೆ ಲೆಕ್ಕ ಹಾಕಿ. 0.8 ಗ್ರಾಂ ತೆಗೆದರೆ ಬೆರಳಿಗೆ 5 ಗ್ರಾಂ, ಜಡತ್ವದಲ್ಲಿ 30 ಗ್ರಾಂ ಇಳಿಯುತ್ತದೆ. ಇದಕ್ಕೆ ಸಾಟಿ ಇನ್ನೊಂದಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಬೆಲೆ ದನಿಯಲ್ಲಿ ತೆರಬೇಕು. ಹಗುರ ಹ್ಯಾಮರ್‌ನ ದನಿ ತಿಳಿ, ಚುರುಕು. ಭಾರ ಹ್ಯಾಮರ್‌ನ ತುಂಬು ಗಂಭೀರ ದನಿ, ಮುಖ್ಯವಾಗಿ ಮಂದ್ರದಲ್ಲಿ, ಸ್ವಲ್ಪ ಕಡಿಮೆಯಾಗುತ್ತದೆ. ಮನೆಯ ಹಾಲ್‌ಗೆ ಇದು ಒಳ್ಳೆಯದೇ. ದೊಡ್ಡ ಸಭಾಂಗಣದ ಪಿಯಾನೊಗೆ ಯೋಚಿಸಿ ಮಾಡಬೇಕು. ತೆಗೆದ ಫೆಲ್ಟ್ ಮತ್ತೆ ಅಂಟಿಸಲು ಆಗುವುದಿಲ್ಲ, ಆದ್ದರಿಂದ ಮೊದಲು ನಾಲ್ಕೈದು ಹ್ಯಾಮರ್ ಮಾತ್ರ ಕೆತ್ತಿಸಿ, ನುಡಿಸಿ, ಕೇಳಿ, ಆಮೇಲೆ ಉಳಿದದ್ದು.

ಅನುಪಾತ ಬದಲಿಸುವುದು

ಏತದ ಮರದಲ್ಲಿ ಆನಿಕೆಯ ಜಾಗ ಸ್ವಲ್ಪ ಸರಿದರೂ ಎತ್ತುವವನಿಗೆ ಗೊತ್ತಾಗುತ್ತದೆ. ಪಿಯಾನೊದಲ್ಲೂ ಹಾಗೆ. ಇಲ್ಲಿ ಮೂರು ಬಗೆ ಇದೆ.

ಅಗ್ಗದ್ದು, ಹಿಂದಕ್ಕೆ ತರಬಹುದಾದದ್ದು ಪಂಚಿಂಗ್ ಕತ್ತರಿಸುವುದು. ಬ್ಯಾಲೆನ್ಸ್ ರೈಲ್ ಮೇಲೆ ಕೀಯ ಕೆಳಗೆ ಒಂದು ದುಂಡು ಬಟ್ಟೆ ಇರುತ್ತದೆ. ಅದರ ಮುಂದಿನ ಅರ್ಧ ಕತ್ತರಿಸಿ ಹಿಂದಿನ ಅರ್ಧ ಮಾತ್ರ ಬಿಟ್ಟರೆ ಕೀ ತೂಗುವ ಜಾಗ ಚೂರು ಹಿಂದೆ ಸರಿಯುತ್ತದೆ. ಕೆಲವು ಗ್ರಾಂ ಇಳಿಯುತ್ತದೆ. ಇಷ್ಟವಾಗದಿದ್ದರೆ ಹೊಸ ಬಟ್ಟೆ ಹಾಕಿದರಾಯಿತು.

ಎರಡನೆಯದು ಕ್ಯಾಪ್‌ಸ್ಟನ್ ಸರಿಸುವುದು. ಎರಡು ಮೂರು ಮಿ.ಮೀ. ನುಡಿಸುವವರ ಕಡೆಗೆ ತಂದರೆ ಸಾಕು, ಅನುಪಾತ ಸ್ಪಷ್ಟವಾಗಿ ಇಳಿಯುತ್ತದೆ. ಹಳೆಯ ತೂತು ಮುಚ್ಚಿ ಹೊಸದು ಕೊರೆಯಬೇಕು, 88 ಕಡೆ, ಕೂದಲೆಳೆಯಷ್ಟೂ ತಪ್ಪದೆ. ಅನುಭವ ಇಲ್ಲದವರ ಕೈಗೆ ಕೊಡಬೇಡಿ.

ಮೂರನೆಯದು ನಕಲ್. ಹಳೆಯ ಕೆಲವು ಶ್ಯಾಂಕ್‌ಗಳಲ್ಲಿ ಕೀಲಿನಿಂದ ನಕಲ್‌ಗೆ 16 ಮಿ.ಮೀ., ಈಗಿನವುಗಳಲ್ಲಿ 17. ಆ ಒಂದು ಮಿ.ಮೀ. ಬೆರಳಿಗೆ ನಾಲ್ಕೈದು ಗ್ರಾಂ ಹಗುರ. ಹೇಗೂ ಶ್ಯಾಂಕ್ ಬದಲಿಸುವವರಿದ್ದರೆ ಇದೇ ಒಳ್ಳೆಯ ಸಮಯ, ಅದಕ್ಕಾಗಿಯೇ ಬದಲಿಸುವುದು ದುಬಾರಿ.

ಮೂರಕ್ಕೂ ಒಂದೇ ಷರತ್ತು. ಅನುಪಾತ ಇಳಿದರೆ ಹ್ಯಾಮರ್ ಅಷ್ಟೇ ದೂರ ಹೋಗಲು ಕೀ ಇನ್ನಷ್ಟು ಆಳಕ್ಕೆ ಇಳಿಯಬೇಕು. 9.4 ಮಿ.ಮೀ. ಇದ್ದದ್ದು 10 ಆಗಬಹುದು. ಆ್ಯಕ್ಷನ್ ಇಡೀ ಮತ್ತೆ ರೆಗ್ಯುಲೇಟ್ ಮಾಡಬೇಕು. ಆಳ ಈಗಾಗಲೇ 10.5 ಇದ್ದರೆ ಈ ದಾರಿ ನಿಮಗಲ್ಲ.

ಮೇಡಂ ಜೊತೆ ಕೂತು ಎಲ್ಲ ಲೆಕ್ಕ ತೋರಿಸಿದೆ. "ಟೈಮ್ ಹಿಡಿದರೂ ಪರವಾಗಿಲ್ಲ, ಸರಿಯಾಗಿ ಆಗಲಿ" ಎಂದರು. ಹ್ಯಾಮರ್‌ನಿಂದ 0.8 ಗ್ರಾಂ ತೆಗೆದಾಗ ಬ್ಯಾಲೆನ್ಸ್ ವೇಟ್ 45ಕ್ಕೆ ಬಂತು. ಕ್ಯಾಪ್‌ಸ್ಟನ್ ಸರಿಸಿ ಅನುಪಾತ 5.8 ಮಾಡಿದಾಗ 41. ಉಳಿದ 3 ಗ್ರಾಂಗೆ ಚಿಕ್ಕ ಸೀಸದ ಬಿಲ್ಲೆ. ಕೊನೆಗೆ 38. ಡೌನ್‌ವೇಟ್ 50, ಅಪ್‌ವೇಟ್ 26. ಹ್ಯಾಮರ್ ಜಡತ್ವ 400ರಿಂದ ಸುಮಾರು 325ಕ್ಕೆ ಇಳಿಯಿತು. ಬರೀ ಸೀಸ ಹಾಕಿದ್ದರೂ 38 ಬರುತ್ತಿತ್ತು, ಆ 75 ಗ್ರಾಂ ಮಾತ್ರ ಇಳಿಯುತ್ತಿರಲಿಲ್ಲ. ಮೇಡಂ ಮೊದಲು ನುಡಿಸಿದ್ದು ಆಕ್ಟೇವ್‌ಗಳು. ಐದು ನಿಮಿಷ ನಿಲ್ಲಿಸಲೇ ಇಲ್ಲ.

ಸ್ಪ್ರಿಂಗ್, ಅಯಸ್ಕಾಂತ

ವಿಪೆನ್‌ಗೆ ಕೆಳಗಿನಿಂದ ಒತ್ತಾಸೆ ಕೊಡುವ ಸಣ್ಣ ಸ್ಪ್ರಿಂಗ್ ಇರುವ ಆ್ಯಕ್ಷನ್‌ಗಳಿವೆ. ತೂಕ ಸೇರಿಸದೆ ನಿಂತ ಭಾರ ಇಳಿಸುತ್ತವೆ, ಹೆಚ್ಚು ಕಡಿಮೆ ಮಾಡಿಕೊಳ್ಳಬಹುದು. ಅಯಸ್ಕಾಂತದಿಂದ ಇದೇ ಕೆಲಸ ಮಾಡುವ ವ್ಯವಸ್ಥೆಯೂ ಇದೆ. ಹ್ಯಾಮರ್‌ನ ಜಡತ್ವಕ್ಕೆ ಇವೂ ಏನೂ ಮಾಡಲಾರವು. ಸ್ಪ್ರಿಂಗ್ ವರ್ಷ ಕಳೆದಂತೆ ಸೋಲುತ್ತದೆ, ಒಂದೊಂದು ಒಂದೊಂದು ಥರ ಸೋಲುತ್ತದೆ. ನುರಿತ ತಂತ್ರಜ್ಞರು ಹತ್ತಿರದಲ್ಲಿ ಸಿಗದ ಊರಿನವರಿಗೆ ನಾನು ಇದನ್ನು ಹೇಳುವುದಿಲ್ಲ.

ಇಡೀ ಆ್ಯಕ್ಷನ್ ಹೊಸದು ಹಾಕಿಸುವವರು ಕಾಂಪೋಸಿಟ್ ಭಾಗಗಳನ್ನು (ಮರದ ಬದಲು ಬೆರಕೆ ವಸ್ತುವಿನಿಂದ ಮಾಡಿದವು) ಒಮ್ಮೆ ವಿಚಾರಿಸಿ. ಕವಾಯ್ ಕಂಪನಿ ಕಾರ್ಬನ್ ಬೆರೆತ ಎಬಿಎಸ್ ಪ್ಲಾಸ್ಟಿಕ್ ಭಾಗಗಳನ್ನು ಬಳಸುತ್ತದೆ. ವೆಸಲ್, ನಿಕಲ್ ಆ್ಯಂಡ್ ಗ್ರಾಸ್ ಎಂಬ ಕಂಪನಿ ಬೇರೆ ಪಿಯಾನೊಗಳಿಗೆ ಹೊಂದುವ ಕಾಂಪೋಸಿಟ್ ಭಾಗಗಳನ್ನು ಮಾಡುತ್ತದೆ. ಮರದ ಹಾಗೆ ಇವು ತೇವಕ್ಕೆ ಊದುವುದಿಲ್ಲ. ಕರಾವಳಿಗೆ ಇದು ದೊಡ್ಡ ಗುಣ.

ಎಷ್ಟು ಹಗುರ ಸಾಕು?

ಮೋಟ್ಸಾರ್ಟ್ ಕಾಲದ ವಿಯೆನ್ನಾ ಪಿಯಾನೊಗಳಿಗೆ ಚರ್ಮ ಹೊದಿಸಿದ ಪುಟ್ಟ ಹ್ಯಾಮರ್ ಇತ್ತು, ಕೀಯ ಆಳವೂ ಕಡಿಮೆ. ಇಂದಿನ ಗ್ರ್ಯಾಂಡ್ ಮುಂದೆ ಅವು ಗರಿಯಷ್ಟು ಹಗುರ. ನಮ್ಮ ಕಾಲಕ್ಕೆ ಹತ್ತಿರದವರಲ್ಲಿ ಪಿಯಾನೊ ವಾದಕ ವ್ಲಾದಿಮಿರ್ ಹೊರೊವಿಟ್ಸ್ ಅವರ ಸ್ಟೈನ್‌ವೇ ಪಿಯಾನೊ, ಸಿಡಿ 503, ತುಂಬ ಹಗುರ ಟಚ್‌ಗೆ ಹೆಸರಾಗಿತ್ತು. ಅಷ್ಟು ದೊಡ್ಡ ಕಲಾವಿದರೇ ಹಗುರ ಕೀ ಆರಿಸಿಕೊಂಡಿದ್ದರು. ಆದ್ದರಿಂದ "ಭಾರ ಕೀಯಲ್ಲಿ ಕಲಿತರೆ ಬೆರಳು ಗಟ್ಟಿಯಾಗುತ್ತದೆ" ಅಂತ ಮಕ್ಕಳನ್ನು 65 ಗ್ರಾಂ ಪಿಯಾನೊ ಮುಂದೆ ಕೂರಿಸಬೇಡಿ. ಗಟ್ಟಿಯಾಗುವುದಕ್ಕಿಂತ ಮೊದಲು ಮಣಿಕಟ್ಟು ನೋಯುತ್ತದೆ, ಮಗು ಪಿಯಾನೊ ಹತ್ತಿರ ಬರುವುದನ್ನೇ ಬಿಡುತ್ತದೆ. ಹಾಗಂತ 40ಕ್ಕೆ ಇಳಿಸಿದರೆ ಮೆತ್ತಗಿನ ಸ್ವರ ಕೈಗೆ ಸಿಗದೆ ಜಾರುತ್ತದೆ, ಬೇರೆ ಕಡೆ ಹೋಗಿ ನುಡಿಸುವಾಗ ಕಷ್ಟ. ಮಕ್ಕಳಿರುವ ಮನೆಗೆ ನಾನು 48ರಿಂದ 50ರ ಹತ್ತಿರ ನಿಲ್ಲಿಸುತ್ತೇನೆ.

ಅಪ್‌ರೈಟ್ ಪಿಯಾನೊ (ತಂತಿಗಳು ನೆಟ್ಟಗೆ ನಿಂತಿರುವಂಥದ್ದು) ಇರುವವರಿಗೆ ಒಂದು ಮಾತು. ಅದರಲ್ಲಿ ಹ್ಯಾಮರ್ ಮೇಲಕ್ಕಲ್ಲ, ತಂತಿಯ ಕಡೆಗೆ ಮುಂದಕ್ಕೆ ಹೋಗುತ್ತದೆ. ಹಾಗಾಗಿ ಮೇಲಿನ ತೂಕದ ಲೆಕ್ಕ ಅದಕ್ಕೆ ಪೂರ್ತಿ ಹೊಂದುವುದಿಲ್ಲ. ನಾನು ನೋಡಿದ ಭಾರವಾದ ಅಪ್‌ರೈಟ್‌ಗಳಲ್ಲಿ ಹೆಚ್ಚಿನವಕ್ಕೆ ಬಿಗಿಯಾದ ಬುಶಿಂಗ್ ಅಥವಾ ಗಡುಸಾದ ಡ್ಯಾಂಪರ್ ಸ್ಪ್ರಿಂಗ್ ಕಾರಣ. ಅಲ್ಲಿಂದ ಶುರುಮಾಡಿ, ಸೀಸದ ಯೋಚನೆ ಬಹುತೇಕ ಬೇಕಾಗುವುದಿಲ್ಲ.

ತಂತ್ರಜ್ಞರು ಬಂದಾಗ, ಕೆಲಸ ಶುರುಮಾಡುವ ಮೊದಲು ಅಪ್‌ವೇಟ್ ಎಷ್ಟಿದೆ ಅಂತ ಕೇಳಿ. ಅಳೆಯದೆ ಡ್ರಿಲ್ ಕೈಗೆತ್ತಿಕೊಂಡರೆ ಸ್ವಲ್ಪ ತಡೆಯಿರಿ ಅನ್ನಿ, ಸಂಕೋಚ ಬೇಡ. ಕೆಲಸ ಮುಗಿದ ಮೇಲೆ ಹಳೆಯ ಅಳತೆ, ಹೊಸ ಅಳತೆ, ತಾರೀಕು, ಆ ದಿನದ ಕೋಣೆಯ ತೇವಾಂಶ ಎಲ್ಲ ಒಂದೇ ಕಾಗದದಲ್ಲಿ ಬರೆಸಿ ಪಿಯಾನೊ ಒಳಗೇ ಇಡಿ. ಮಂಗಳೂರಿನ ಮನೆಯಲ್ಲಿ ಆ ಕಾಗದ ಇದೆ. ತೇವ ತಡೆಯಲು ಪಿಯಾನೊ ಕೆಳಗೆ ಹೀಟರ್ ರಾಡ್ ಕೂರಿಸಿದ್ದೆವು. ಮರುವರ್ಷ ಆಗಸ್ಟ್‌ನಲ್ಲಿ ಹೋಗಿ ಅದೇ ಸಿ ಕೀ ಅಳೆದೆ, 54 ಮತ್ತು 26. ಹಿಂದಿನ ಸಾಲಿನ ಕೆಳಗೆ ಅದನ್ನೂ ಬರೆದು ಬಂದೆ.